ಪ್ರಸಾದವಲ್ಲದ ಕಡುಬು

ಪುಟ್ಟೀ, ಚಿನ್ನೂ, ಗುಂಡಾ,

ನಿಮಗೆ ಜ್ಞಾನಸ್ನಾನದ ದಿನ ಇಟ್ಟ ಹೆಸರುಗಳು ಬೇರೆ ಇವೆ. ಅವುಗಳಲ್ಲಿ ಎಲ್ಲಿ ಒತ್ತು, ಎಲ್ಲಿ ದೀರ್ಘ ಎಂದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ನಾನು ಕಲಿತದ್ದು ಸೀತೂರಿನ ಹತ್ತಿರದ ಹಳ್ಳಿಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಹೆಸರನ್ನೇ ತಪ್ಪು ಬರೆದು ನಿಮ್ಮಮ್ಮನ ಮುಂದೆ ನಗೆಪಾಟಲಾಗುವುದಕ್ಕಿಂತ ಮನೆಯಲ್ಲಿ ಕರೆಯುವ ಹೆಸರೇ ಇರಲಿ ಎಂದು ಹೀಗೆ ಶುರುಮಾಡಿದ್ದೇನೆ.

ಹೋದ ರಜೆಯಲ್ಲಿ ಶೃಂಗೇರಿಯ ಚಿಕ್ಕಜ್ಜಿ ಊಟದ ಹೊತ್ತಿಗೆ ನಿಮಗೆ ಬಸ್ಸಿನ ಕಥೆ ಹೇಳಿದಳಲ್ಲ, ಅದರಲ್ಲಿ ಬಸ್ಸು ಅರ್ಧ ಕಂದಕಕ್ಕೆ ವಾಲಿತ್ತು. ನಾನು ಸೀಟಿನ ಮೇಲೆ ಹತ್ತಿ ನಿಂತು ಭಾಷಣ ಮಾಡಿದ್ದೆ. ಕೊನೆಗೆ ಕಂಡಕ್ಟರ್ ಸಮೇತ ಎಲ್ಲರೂ ಅತ್ತಿದ್ದರು. ಅವಳು ಆ ಬಸ್ಸಿನಲ್ಲಿ ಇರಲೇ ಇಲ್ಲ ಎನ್ನುವುದನ್ನು ನೀವು ಗಮನಿಸಬೇಕು. ಬಸ್ಸು ರಸ್ತೆಯ ಮೇಲೆ ನೆಟ್ಟಗೆ ನಿಂತಿತ್ತು. ಯಾರೂ ಅಳಲಿಲ್ಲ. ನಾನು ಸೀಟಿನ ಮೇಲೆ ಹತ್ತುವವಳೋ ಅಲ್ಲವೋ ನಿಮಗೇ ಗೊತ್ತು. ಆಗ ಅವಳ ಮಾತಿನ ಮಧ್ಯೆ ಬಾಯಿ ಹಾಕಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಅಜ್ಜನ ವಿಷಯ ಹೇಳಬೇಕು. ಅವರು ಇದ್ದಷ್ಟು ದಿನ ನನಗೆ ಮಾತಾಡುವ ಅಗತ್ಯವೇ ಬೀಳಲಿಲ್ಲ. ನರಸಿಂಹರಾಜಪುರದ ಪೇಟೆಯಲ್ಲಿ ಉಪ್ಪು ಬೇಕಾದರೆ ನಾನು ಅವರ ಕಡೆ ನೋಡುತ್ತಿದ್ದೆ, ಅವರು ಅಂಗಡಿಯವರ ಕಡೆ ನೋಡಿ "ಉಪ್ಪು" ಎನ್ನುತ್ತಿದ್ದರು. ಡಾಕ್ಟರ ಹತ್ತಿರ ನನ್ನ ಹೊಟ್ಟೆನೋವನ್ನು ಅವರೇ ವಿವರಿಸುತ್ತಿದ್ದರು, ಅದೂ ನನಗಿಂತ ಚೆನ್ನಾಗಿ. ಸಂಜೆಯ ಜಪಸರದಲ್ಲಿ ಪ್ರಾರ್ಥನೆ ಶುರುಮಾಡುವವರು ಅವರು, ಕೊನೆಗೆ ಆಮೆನ್ ಹೇಳುವವಳು ನಾನು. ಅವರು ತೀರಿಕೊಂಡ ಮೇಲೆ ಒಂದು ಸಲ ಅಂಗಡಿಯವರೆಗೆ ಹೋಗಿ, ಅಲ್ಲಿ ನಾಲ್ಕು ಜನ ನಿಂತಿದ್ದನ್ನು ನೋಡಿ, ಉಪ್ಪಿಲ್ಲದೆ ಹಿಂದಿರುಗಿ, ಆ ದಿನ ಉಪ್ಪಿನಕಾಯಿಯ ರಸ ಹಾಕಿ ಸಾರು ಮಾಡಿದ್ದೇನೆ.

ನಿಮ್ಮ ಚಿಕ್ಕಜ್ಜಿ ಅದಕ್ಕೆ ಹೇಳಿದ್ದು ಹೀಗೆ: "ದೇವರು ನಿನ್ನ ಬಾಯಿಗೆ ಬೀಗ ಹಾಕಿ ಕೀಲಿ ಭಾವನ ಕೈಲಿ ಕೊಟ್ಟಿದ್ದ ಕಣೆ ಅಕ್ಕ. ಭಾವ ಕೀಲಿ ಜೇಬಲ್ಲಿಟ್ಕೊಂಡೇ ಹೋಗಿಬಿಟ್ರು."

ಇಂಥ ನನಗೆ, ನಿಮ್ಮ ಅಜ್ಜ ಹೋದ ಎರಡನೇ ವರ್ಷದ ತಪಸ್ಸುಕಾಲದಲ್ಲಿ, ಪಾಸ್ಕ ಹಬ್ಬಕ್ಕೆ ಮೊದಲಿನ ಆ ನಲವತ್ತು ದಿನಗಳಲ್ಲಿ, ಒಂದು ಪಜೀತಿ ಬಂತು. ನಮ್ಮ ಚರ್ಚಿಗೆ ಹೊಸದಾಗಿ ಬಂದ ಫಾದರ್ ಕರಾವಳಿಯ ಕಡೆಯವರು, ಇನ್ನೂ ಚಿಕ್ಕ ಪ್ರಾಯ. ಒಂದು ಭಾನುವಾರ ಪೂಜೆಯಲ್ಲಿ ಹೇಳಿದರು:

"ಮಾಂಸ ಬಿಡೋದು, ಉಪವಾಸ ಮಾಡೋದು ಇದ್ದೇ ಇದೆ. ಈ ಸಲ ಅದರ ಜೊತೆ, ಗುರುತಿಲ್ಲದ ಒಬ್ಬರಿಗಾದರೂ ಉಪಕಾರ ಮಾಡಿ. ಯಾಕೆ ಮಾಡಿದ್ರಿ ಅಂತ ಅವರು ಕೇಳಿದರೆ ಒಂದೇ ವಾಕ್ಯದಲ್ಲಿ ಯೇಸುಸ್ವಾಮಿಯ ಹೆಸರು ಹೇಳಿ. ಭಾಷಣ ಬೇಡ. ಅವರು ಕೇಳದೆ ನೀವಾಗಿ ಹೇಳೋದೂ ಬೇಡ."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳತೊಡಗಿದರು. "ನೀವು ಮಾಡ್ತೀರಲ್ಲ ಅಮ್ಮಾ?" ಎಂದು ನನ್ನನ್ನೂ ಕೇಳಿದರು. ಇಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕು, ಹೌದು ಎನ್ನಲು ತಲೆ ಸಾಕು. ನನ್ನ ಜೀವಮಾನದಲ್ಲಿ ಬಂದ ತೊಂದರೆಗಳಲ್ಲಿ ಅರ್ಧ ಇದರಿಂದಲೇ ಬಂದವು. ತಲೆಯಾಡಿಸಿದೆ.

"ಪಾಸ್ಕ ಹಬ್ಬದೊಳಗೆ ನನಗೆ ಬಂದು ಹೇಳ್ಬೇಕು, ಆಯ್ತಾ?" ಎಂದರು. ಅದಕ್ಕೂ ತಲೆಯಾಡಿಸಿದೆ.

ನೀವು ನಗಬಹುದು, ಆದರೆ ನನಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಅವತ್ತು ಮನೆಗೆ ನಡೆದು ಬರುವಾಗ ಲೆಕ್ಕ ಹಾಕಿದೆ: ಅರವತ್ತೆಂಟು ವರ್ಷದಲ್ಲಿ ನನ್ನ ದೇವರ ಬಗ್ಗೆ ನನ್ನ ಬಾಯಿಂದ ಹೊರಬಂದದ್ದು ಆಮೆನ್ ಒಂದೇ. ಅದೂ ಇನ್ನೊಬ್ಬರ ಮಾತಿನ ಬಾಲ. ಸಾಯುವುದರೊಳಗೆ ಒಂದು ವಾಕ್ಯವಾದರೂ ನನ್ನದೇ ಆಗಿ, ಒಬ್ಬರ ಮುಖ ನೋಡಿ ಹೇಳಬೇಕು ಎಂದು ಬಹಳ ಆಸೆಯಾಯಿತು.

ವಾಕ್ಯ ಕಟ್ಟಲು ಮೂರು ದಿನ ಹಿಡಿಯಿತು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು, ಹೊಡೆದುಹಾಕಿ, ಕೊನೆಗೆ ನಿಂತದ್ದು ಇದು: "ಯೇಸುಸ್ವಾಮಿ ನನಗೆ ಕೊಟ್ಟಿದ್ದರಲ್ಲಿ ಸ್ವಲ್ಪ ನಿಮಗೆ ಕೊಡುತ್ತಿದ್ದೇನೆ." ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಬಾಯಿಪಾಠ ಮಾಡಿದೆ. ಒಂದು ದಿನ ಪಕ್ಕದ ಮನೆಯಾಕೆ ಬೇಲಿಯಿಂದ ಇಣುಕಿ, "ಯಾರಿಗೆ ಎಂತ ಕೊಡ್ತಿದ್ದೀರಿ ಅಮ್ಮ, ಬೆಳಿಗ್ಗೆಯಿಂದ ಕೊಡ್ತೇನೆ ಕೊಡ್ತೇನೆ ಅಂತಿದ್ದೀರಲ್ಲ?" ಎಂದು ಕೇಳಿದಳು. ಫೋನಿನಲ್ಲಿ ಮಾತಾಡುತ್ತಿದ್ದೆ ಎಂದೆ. ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಆ ಸುಳ್ಳನ್ನು ಮುಂದಿನ ಪಾಪನಿವೇದನೆಯಲ್ಲಿ ಹೇಳಿಕೊಂಡೆ.

ಮೊದಲ ಪ್ರಯತ್ನ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ನಡೆಯಿತು. ಬಾಳೆಹೊನ್ನೂರಿನ ಬಸ್ಸಿನ ಪಕ್ಕ ಒಂದು ಗೋಣಿಚೀಲ ಇತ್ತು. ಅದರ ಯಜಮಾನ ಬಸ್ಸಿಗೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದ. ಡ್ರೈವರ್ ಹಾರನ್ ಹೊಡೆದರೂ ಆತ ತಿರುಗಲಿಲ್ಲ. ಪಾಪ, ಚೀಲ ಬಿಟ್ಟುಹೋಗುತ್ತದಲ್ಲ ಎಂದು, ಕೇಳಲು ಬಾಯಿ ಬಾರದೆ, ನಾನೇ ಅದನ್ನು ಎತ್ತಿ ಬಸ್ಸಿನೊಳಗೆ ಇಟ್ಟೆ. ಆಗ ನನ್ನ ಸೊಂಟ ಗಟ್ಟಿಯಿತ್ತು. ಬಸ್ಸು ಹೊರಟಿತು. ಆತ ಲೋಟ ಇಟ್ಟು ತಿರುಗಿ ನೋಡಿದ.

"ಅಯ್ಯೋ, ನನ್ನ ಚೀಲ!"

ನಾನು ಬಸ್ಸಿನ ಕಡೆ ಕೈ ತೋರಿಸಿದೆ.

"ನಾನು ಶೆಟ್ಟಿಕೊಪ್ಪಕ್ಕೆ ಹೋಗೋನು ಮಾರಾಯ್ರೆ! ಯಾರ್ರೀ ಅದನ್ನು ಬಾಳೆಹೊನ್ನೂರು ಬಸ್ಸಿಗೆ ಹಾಕಿದ್ದು? ಎಂತಕ್ಕೆ ಹಾಕಿದ್ದು?"

ಎಂತಕ್ಕೆ ಎಂದು ಆತ ಕೇಳಿದ್ದೇನೋ ನಿಜ. ಆದರೆ ಯೇಸುಸ್ವಾಮಿಯ ಹೆಸರು ಹೇಳಲು ಅದು ತಕ್ಕ ಸಮಯವೆಂದು ನನಗೆ ಅನ್ನಿಸಲಿಲ್ಲ. ಚೀಲ ಎರಡು ಗಂಟೆಯ ಮೇಲೆ ಇನ್ನೊಂದು ಬಸ್ಸಿನಲ್ಲಿ ಹಿಂದೆ ಬಂತು. ಅಲ್ಲಿಯವರೆಗೆ ನಾನೂ ಆತನ ಜೊತೆ ಕಾದು ಕುಳಿತಿದ್ದೆ, ಮೂರು ಬೆಂಚು ದೂರದಲ್ಲಿ.

ಎರಡನೆಯದು ಇನ್ನೂ ಬೇಗ ಮುಗಿಯಿತು. ಕೊಪ್ಪದಿಂದ ಬರುವ ಬಸ್ಸಿನಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ನಾನು ಎದ್ದು ಸೀಟು ತೋರಿಸಿದೆ. "ಬೇಡ ಅಜ್ಜೀ, ನೀವು ಕೂತ್ಕಳಿ" ಎಂದಳು. ನಾನು ಕೂರಲಿಲ್ಲ, ಅವಳೂ ಕೂರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಕೈ ಹಿಡಿದು ದೂಡುತ್ತಿರುವಾಗ ದಪ್ಪನೆಯ ಗಂಡಸೊಬ್ಬ ನುಸುಳಿ ಬಂದು ಕೂತು ನಿದ್ದೆ ಹೋದ.

ಹೀಗೆ ತಪಸ್ಸುಕಾಲ ಕಳೆಯುತ್ತ ಬಂತು. ಪಾಸ್ಕದ ಹಿಂದಿನ ಗರಿಗಳ ಭಾನುವಾರಕ್ಕೆ ನಾಲ್ಕು ದಿನ ಇರುವಾಗ ಚಿಕ್ಕಜ್ಜಿಯನ್ನು ನೋಡಲು ಶೃಂಗೇರಿಗೆ ಹೋದೆ. ಅವಳು ನರ್ಸ್ ಆಗಿದ್ದು ನಿವೃತ್ತಿಯಾದವಳಲ್ಲವೇ, ಎಲ್ಲರಿಗೂ ಬುದ್ಧಿ ಹೇಳಿ ಅಭ್ಯಾಸ. ನನ್ನ ಕಥೆ ಕೇಳಿ ನಗಾಡಿ, "ಹತ್ತು ಜನ ಹೊಸಬರು ಸಿಗೋ ಊರು ಇದು. ಹೋಗು, ಯಾರಿಗಾದ್ರೂ ಚಪ್ಪಲಿ ಸ್ಟ್ಯಾಂಡು ಎಲ್ಲಿದೆ ಅಂತಾದ್ರೂ ತೋರ್ಸು" ಎಂದಳು. ನಾನು ಹೋಗಲಿಲ್ಲ. ಹೊರಡುವಾಗ ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಸಿಹಿಕಡುಬು ಎಂಟನ್ನು ಕಟ್ಟಿ ಚೀಲಕ್ಕೆ ಹಾಕಿದಳು. ಅಕ್ಕಿಹಿಟ್ಟು, ಬೆಲ್ಲ, ಕಾಯಿತುರಿ. ಏಲಕ್ಕಿಯನ್ನು ಅವಳು ಯಾವಾಗಲೂ ಒಂದು ಹಿಡಿ ಜಾಸ್ತಿ ಹಾಕುತ್ತಾಳೆ.

ಮಧ್ಯಾಹ್ನ ಕೊಪ್ಪದ ಬಸ್ಸು ಹತ್ತಿದೆ. ನನ್ನ ಪಕ್ಕ ಕೂತವರು ನನಗಿಂತ ಹತ್ತು ವರ್ಷ ಹಿರಿಯರು, ನನ್ನ ಹಾಗೆಯೇ ವಿಧವೆ, ಬಿಳಿಯ ಸೀರೆ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

"ಎಲ್ಲಿಗೆ ಹೋಗ್ತೀಯೆ ತಂಗಿ?"

"ಕೊಪ್ಪ" ಎಂದೆ.

"ಯಾರು ಕಪ್ಪು?"

"ಕೊಪ್ಪ, ಕೊಪ್ಪಕ್ಕೆ."

"ಕಪ್ಪೋ ಬಿಳಿಯೋ, ನಮಗೆಂತಕ್ಕೆ ಬಿಡು" ಎಂದು ಅವರು ಆ ಮಾತನ್ನು ಮುಗಿಸಿದರು. ದನಿ ಏರಿಸಲಾರದವಳನ್ನೂ ಕಿವಿ ಕೇಳದವರನ್ನೂ ಒಂದೇ ಸೀಟಿನಲ್ಲಿ ಕೂರಿಸಿದ್ದು ದೇವರ ತಮಾಷೆಯೇ ಇರಬೇಕು.

ಕಿವಿ ಕೇಳದವರು ತಮ್ಮ ಮಾತನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಹೇಳುತ್ತಾರಲ್ಲ. ಹತ್ತು ನಿಮಿಷದಲ್ಲಿ ಅವರ ಸಮಾಚಾರ ಇಡೀ ಬಸ್ಸಿಗೆ ಗೊತ್ತಾಯಿತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹೊರಟವರು. ದರ್ಶನ ಆಗುವವರೆಗೆ ಏನೂ ತಿನ್ನುವ ಕ್ರಮವಿಲ್ಲ. ದರ್ಶನವಾಗುವಾಗ ಹೊತ್ತಾಯಿತು, ಊಟಕ್ಕೆ ಕೂತರೆ ಬಸ್ಸು ತಪ್ಪುತ್ತದೆ ಎಂದು ಹಾಗೇ ಬಂದರು. ಕೊಪ್ಪದಲ್ಲಿ ತಮ್ಮನ ಮಗ ಸ್ಕೂಟರ್ ತಂದು ಕಾಯುತ್ತಾನೆ. ಹೊರಗೆ ಬೇಯಿಸಿದ್ದನ್ನು ಅವರು ಹುಟ್ಟಿದಾರಭ್ಯ ಮುಟ್ಟಿಲ್ಲ.

ಅಷ್ಟರಲ್ಲಿ ನಾನು ಟಿಕೆಟ್ಟಿಗೆ ಚೀಲ ತೆರೆದೆ. ಬಾಳೆಎಲೆಯ ಕಟ್ಟು ಮೇಲೆಯೇ ಇತ್ತು, ಏಲಕ್ಕಿಯ ಪರಿಮಳ ಬೇರೆ. ಮುಂದಿನ ಸೀಟಿನ ಕನ್ನಡಕದವರು ತಿರುಗಿ ನೋಡಿದರು. ಶೃಂಗೇರಿಯಿಂದ ಬರುವ ಬಸ್ಸು, ಎಲೆಯ ಕಟ್ಟು, ಕುಂಕುಮವಿಲ್ಲದ ಹಣೆಯ ಮುದುಕಿ. ಮದುವೆಯಾದ ದಿನವೂ ನಾನು ಕುಂಕುಮ ಇಟ್ಟವಳಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಪ್ರಸಾದವಾ ಅಮ್ಮಾ?" ಎಂದರು.

ಅಲ್ಲ ಎನ್ನಲು ಬಾಯಿ ತೆರೆಯಬೇಕಿತ್ತು. ತಲೆ ತಾನಾಗಿಯೇ ಆಡಿತು, ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ಅವರು ಬಲಗೈ ಮೇಲೆ ಮಾಡಿ, ಅದರ ಕೆಳಗೆ ಎಡಗೈ ಇಟ್ಟು, ಕೈಯೊಡ್ಡಿದರು. ಒಡ್ಡಿದ ಕೈಗೆ ಇಲ್ಲ ಎನ್ನುವುದು ಹೇಗೆ? ಒಂದು ಕಡುಬು ಇಟ್ಟೆ. ಕಣ್ಣಿಗೊತ್ತಿಕೊಂಡರು. ಅವರ ಹೆಂಡತಿ ಕೈಯೊಡ್ಡಿದರು. ಹಿಂದಿನ ಸೀಟಿನಿಂದ ಎರಡು ಕೈ ಬಂದವು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ನಂಗೊಂದು, ಡ್ರೈವರಣ್ಣಂಗೊಂದು" ಎಂದು ಎರಡು ತೆಗೆದುಕೊಂಡು, ಡ್ರೈವರಣ್ಣ ಗಾಡಿ ಓಡಿಸುತ್ತಿದ್ದಾನೆ ಎಂದು ಎರಡನ್ನೂ ತಾನೇ ತಿಂದ. ಪಕ್ಕದ ಅಮ್ಮನೂ ಒಂದನ್ನು ತೆಗೆದುಕೊಂಡರು. ಆದರೆ ತಿನ್ನಲಿಲ್ಲ. "ಮನೆಗೆ ಹೋಗಿ ಕೈಕಾಲು ತೊಳೆದು ತಿಂತೆ" ಎಂದು ಮಡಿಲಲ್ಲಿ ಇಟ್ಟುಕೊಂಡರು.

ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಯೇಸುಸ್ವಾಮಿಯ ಹೆಸರು ಹೇಳುವ ತಪಸ್ಸುಕಾಲದಲ್ಲಿ ಶೃಂಗೇರಿ ಅಮ್ಮನವರ ಪ್ರಸಾದ ಎಂದು ನನ್ನ ತಂಗಿಯ ಕಡುಬು ಹಂಚಿದ್ದೆ. ಎರಡೂ ಕಡೆಯವರಿಗೆ ಮುಖ ತೋರಿಸುವಂತಿರಲಿಲ್ಲ. ಕೊಪ್ಪ ಬಂದರೆ ಸಾಕು, ಇಳಿದು ಓಡೋಣ ಎಂದುಕೊಂಡೆ.

ಕೊಪ್ಪ ಬರಲಿಲ್ಲ. ಏರಿನಲ್ಲಿ ಬಸ್ಸು ಒಂದು ಸಲ ಕಿರುಚಿ ನಿಂತುಬಿಟ್ಟಿತು. ಏನೋ ಬೆಲ್ಟು ತುಂಡಾಗಿದೆ, ಬೇರೆ ಬಸ್ಸು ಬರಬೇಕು ಎಂದರು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಡ್ರೈವರ್ ಸಿಗ್ನಲ್ ಹುಡುಕಿಕೊಂಡು ಏರು ಹತ್ತಿ ಹೋದ. ಒಂದು ಗಂಟೆಯಾಯಿತು. ಬಿಸಿಲು ಸೀಟಿನ ಮೇಲೇ ಬಂದು ಕೂತಿತು.

ಪಕ್ಕದ ಅಮ್ಮ ಮಾತು ನಿಲ್ಲಿಸಿದ್ದನ್ನು ನಾನು ಸ್ವಲ್ಪ ತಡವಾಗಿ ಗಮನಿಸಿದೆ. ಮುಖವೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಚಿಕ್ಕಜ್ಜಿ ನೂರು ಸಲ ಹೇಳಿದ್ದು ನೆನಪಿತ್ತು, ಸಕ್ಕರೆ ಕಾಯಿಲೆಯವರು ಹೊಟ್ಟೆಗಿಲ್ಲದೆ ಹೀಗೆ ಬೆವರಿದರೆ ಕೂಡಲೇ ಸಿಹಿ ಕೊಡಬೇಕು. ಅವರಿಗೂ ಅದು ತಿಳಿದಿತ್ತು. ಮಡಿಲಿನ ಕಡುಬನ್ನು ಎತ್ತಿಕೊಂಡು ನಡುಗುವ ಕೈಯಲ್ಲಿ ಎಲೆ ಬಿಡಿಸತೊಡಗಿದರು.

"ಪ್ರಸಾದ ಅಂದ್ಮೇಲೆ ದೋಷ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಮಕ್ಕಳೇ, ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಸುಮ್ಮನಿದ್ದರೆ ಅವರು ತಿನ್ನುತ್ತಾರೆ, ಚೇತರಿಸಿಕೊಳ್ಳುತ್ತಾರೆ, ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಹೇಳಿದರೆ ಅವರು ಎಸೆದುಬಿಟ್ಟು ಅಲ್ಲೇ ಬೀಳಲೂಬಹುದು. ಸುಮ್ಮನಿರುವುದು ನನಗೆ ಸುಲಭ, ಅದು ನನ್ನ ಕಸುಬು. ಆದರೆ ಎಂಬತ್ತು ವರ್ಷ ಅವರು ಕಾಪಾಡಿಕೊಂಡು ಬಂದದ್ದನ್ನು ನನ್ನ ನಾಚಿಕೆ ಮುರಿಯುತ್ತದೆ. ಎಲೆ ಪೂರ್ತಿ ಬಿಚ್ಚಿತ್ತು. ಬಾಯಿಪಾಠ ಮಾಡಿದ ವಾಕ್ಯ ಒಂದೇ ನನ್ನ ಹತ್ತಿರ ಇದ್ದದ್ದು. ಅವರ ಕೈ ಹಿಡಿದು ಅದನ್ನೇ ಹೇಳಿಬಿಟ್ಟೆ.

"ಯೇಸುಸ್ವಾಮಿ ನನಗೆ ಕೊಟ್ಟಿದ್ದರಲ್ಲಿ ಸ್ವಲ್ಪ ನಿಮಗೆ ಕೊಡುತ್ತಿದ್ದೇನೆ."

"ಎಂತ?"

ಮತ್ತೆ ಹೇಳಿದೆ.

"ವಾಸುಸ್ವಾಮಿಯಾ? ಯಾವ ವಾಸು? ನಮ್ಮ ಕಡೆ ಒಬ್ಬ ವಾಸು ಇದ್ದ. ಅವನು ಯಾರಿಗೂ ಎಂತದೂ ಕೊಡೋ ಪೈಕಿ ಅಲ್ಲ."

"ವಾಸು ಅಲ್ಲ, ಯೇಸು!"

"ಅದೇ, ವಾಸು. ಬಾಳೆಕಾಯಿ ಕೇಳಿದ್ರೆ ಬೇಲಿ ತೋರಿಸ್ತಿದ್ದ ಪುಣ್ಯಾತ್ಮ." ಕಡುಬು ಬಾಯಿಯ ಹತ್ತಿರ ಹೋಗಿತ್ತು.

ಆಗ ನಾನು ಕೂಗಿದೆ. ಆ ದನಿ ನನ್ನೊಳಗೆ ಎಲ್ಲಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. "ಪ್ರಸಾದ ಅಲ್ಲ ಅಮ್ಮಾ! ನಾನು ಕ್ರಿಶ್ಚಿಯನ್! ಇದು ನನ್ನ ತಂಗಿ ಬೇಯಿಸಿದ ಕಡುಬು! ಯೇಸುಸ್ವಾಮೀ!" ಕೊನೆಯದು ವಾಕ್ಯದ ಭಾಗವೋ, ಹೆದರಿ ಕರೆದದ್ದೋ ಹೇಳಲಾರೆ.

ಬಸ್ಸಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಏರಿನ ತುದಿಯಲ್ಲಿ ಫೋನು ಹಿಡಿದು ನಿಂತಿದ್ದ ಡ್ರೈವರ್ ಕೂಡ ತಿರುಗಿ ನೋಡಿದ.

ಕನ್ನಡಕದವರು ನಿಧಾನಕ್ಕೆ ಹೆಂಡತಿಯ ಮುಖ ನೋಡಿದರು. ಆಮೇಲೆ, "ತಿಂದಾಯ್ತಲ್ಲ ಮಾರಾಯ್ರೆ. ಇನ್ನೆಂತ ಮಾಡಕ್ಕಾಗತ್ತೆ" ಎಂದರು. ಕನ್ನಡಕ ಒರೆಸುತ್ತ ಸೇರಿಸಿದರು: "ನಂಗೆ ಆಗ್ಲೇ ಅನುಮಾನ ಬಂದಿತ್ತು. ಪ್ರಸಾದಕ್ಕೆ ಇಷ್ಟು ಏಲಕ್ಕಿ ಯಾರು ಹಾಕ್ತಾರೆ?"

"ನಾನು ಎರಡು ತಿಂದೀನಿ. ನಂದೆಂತ ಕತೆ?" ಎಂದ ಕಂಡಕ್ಟರ್.

"ನಿಂದು ಎಂತ ಕತೆ ಇಲ್ಲ. ಡ್ರೈವರಂದು ತಿಂದಿದ್ದಕ್ಕೆ ಬಸ್ಸು ನಿಂತಿದ್ದು" ಎಂದು ಹಿಂದಿನ ಸೀಟಿನಾಕೆ ಹೇಳಿದ್ದಕ್ಕೆ ನಾಲ್ಕು ಜನ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಕೈ ಮುಗಿದು, "ತಪ್ಪಾಯ್ತು, ನನಗೆ ಬೇಗ ಮಾತು ಬರಲ್ಲ" ಎಂದೆ.

ಪಕ್ಕದ ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. ಎಲೆಯನ್ನು ಮಡಚಿ ಕಡುಬನ್ನು ನನ್ನ ಮಡಿಲಲ್ಲಿ ಮೆಲ್ಲಗೆ ಇಟ್ಟರು. "ನಂಗಿದು ಆಗದು ತಂಗಿ. ಬೇಜಾರು ಮಾಡ್ಕಬೇಡ" ಎಂದು ಹೇಳಿ ಸೀಟಿಗೆ ಒರಗಿದರು. ಬೆವರು ಕುತ್ತಿಗೆಗೆ ಇಳಿಯುತ್ತಿತ್ತು.

ಈಗ ಬಸ್ಸಿನವರೆಲ್ಲ ಚೀಲ ತಡಕತೊಡಗಿದರು. ತೆಗೆದದ್ದೆಲ್ಲ ಬೇಯಿಸಿದ್ದೇ. ಒಬ್ಬರ ಬುತ್ತಿಯಲ್ಲಿ ಚಿತ್ರಾನ್ನ, ಒಬ್ಬರದರಲ್ಲಿ ರೊಟ್ಟಿ. ಕಂಡಕ್ಟರ್ ಬಿಸ್ಕೆಟ್ ತಂದ. ಅಮ್ಮ ಕಣ್ಣು ಅರ್ಧ ತೆರೆದು ನೋಡಿ, "ಅದೂ ಬೇಯಿಸಿದ್ದೇ ಅಲ್ವನಾ?" ಎಂದರು. "ಬಾಳೆಹಣ್ಣು ಇದ್ರೆ ಕೊಡಿ. ಬೆಲ್ಲ ಆದ್ರೂ ಆತು. ಅದಕ್ಕೆ ಮೈಲಿಗೆ ಇಲ್ಲ."

ಯಾರ ಹತ್ತಿರವೂ ಇರಲಿಲ್ಲ. ರಸ್ತೆಯ ತಿರುವಿನ ಕೆಳಗೆ, ತೋಟದ ಕೆಲಸದವರ ಮನೆಗಳ ಸಾಲೊಂದು ಕಾಣುತ್ತಿತ್ತು. ಯಾರಾದರೂ ಹೋಗಿ ಕೇಳಿ ಎಂದು ಹೇಳುವುದಕ್ಕಿಂತ ನಾನೇ ಹೋಗುವುದು ಬೇಗ ಅನ್ನಿಸಿತು. ಹೇಳುವುದಕ್ಕೂ ಬಾಯಿ ಬೇಕಲ್ಲ! ಸೀರೆ ಎತ್ತಿ ಕಟ್ಟಿ ಇಳಿದು ಓಡಿದೆ. ಅರ್ಧ ದಾರಿ ಹೋದ ಮೇಲೆ ಹೊಳೆಯಿತು, ಅಲ್ಲಿ ಹೋಗಿಯೂ ಬಾಯಿ ಬಿಡಬೇಕು.

ಮೊದಲ ಮನೆಯ ಅಂಗಳದಲ್ಲಿ ಹೆಂಗಸೊಬ್ಬಳು ಕಟ್ಟಿಗೆ ಒಡೆಯುತ್ತಿದ್ದಳು. ಕೈಯಲ್ಲಿ ಕತ್ತಿ. ನಾನು ಏದುಸಿರು ಬಿಡುತ್ತ ನಿಂತೆ. ಯಾರೋ ಮುದುಕಿ ಹೀಗೆ ಅಂಗಳಕ್ಕೆ ಓಡಿಬಂದರೆ ಯಾರಿಗಾದರೂ ಗಾಬರಿಯೇ.

"ಎಂತ ಆತು ಅಜ್ಜೀ? ಯಾರು ಅಟ್ಟಿಸ್ಕಂಡು ಬಂದ್ರು?"

"ಬಾಳೆಹಣ್ಣು ಬೇಕಿತ್ತು. ಇಲ್ಲ ಅಂದ್ರೆ ಬೆಲ್ಲ" ಎಂದೆ. ಎಂದೆ, ಮಕ್ಕಳೇ. ಗುರುತಿಲ್ಲದವರ ಅಂಗಳದಲ್ಲಿ ನಿಂತು ಕೇಳಿದೆ.

"ಯಾರಿಗೆ?"

"ಬಸ್ಸಲ್ಲಿ ಒಬ್ಬರು ಅಮ್ಮ ಇದ್ದಾರೆ. ತಲೆ ತಿರುಗಿ ಬೀಳ್ತಿದ್ದಾರೆ."

"ನಿಮಗೆ ಎಂತ ಆಗ್ಬೇಕು ಅವರು?"

"ಎಂತದೂ ಆಗ್ಬೇಕಿಲ್ಲ. ಇವತ್ತೇ ನೋಡಿದ್ದು."

ಅವಳು ಕತ್ತಿ ಅಲ್ಲೇ ಬಿಟ್ಟು ಒಳಗೆ ಹೋಗಿ, ಪುಟ್ಟಬಾಳೆಯ ಒಂದು ಚಿಪ್ಪು ಹಣ್ಣು, ಕಾಗದದಲ್ಲಿ ಒಂದು ಉಂಡೆ ಬೆಲ್ಲ ತಂದಳು. ನನ್ನ ಕೈಗೆ ಕೊಡಲಿಲ್ಲ. "ನೀವು ಏರು ಹತ್ತೋದ್ರೊಳಗೆ ಸಂಜೆ ಆಗತ್ತೆ" ಎಂದು ತಾನೇ ಎತ್ತಿಕೊಂಡು ಓಡಿದಳು. ನಾನು ಬಸ್ಸು ಮುಟ್ಟುವ ಹೊತ್ತಿಗೆ ಅಮ್ಮ ಎರಡನೇ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು. ಆ ಹೆಂಗಸು ಯಾವ ಜನ, ಹಣ್ಣು ಯಾರ ಕೈಯದು ಎಂದು ಅವರು ಕೇಳಲಿಲ್ಲ. ಸಿಪ್ಪೆಯೊಳಗಿನದಕ್ಕೆ ಆ ಪ್ರಶ್ನೆ ಇಲ್ಲವಂತೆ.

ನಾಲ್ಕು ಹಣ್ಣು ತಿಂದ ಮೇಲೆ ಅವರ ಮುಖಕ್ಕೆ ಬಣ್ಣ ಬಂತು, ಬಾಯಿಗೆ ದನಿಯೂ ಬಂತು. ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ್ತಿ, ನೀನು ಸುಮ್ನಿದ್ದಿದ್ರೆ ನಾನು ತಿಂತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ. ಎಂತಕ್ಕೆ ಹೇಳ್ದೆ?"

ಎಂತಕ್ಕೆ ಎಂದು ಈ ಸಲ ಸರಿಯಾಗಿಯೇ ಕೇಳಿದ್ದರು. ನನ್ನ ವಾಕ್ಯ ಮಾತ್ರ ಆ ಏರಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅವರ ಕಿವಿಯ ಹತ್ತಿರ ಬಗ್ಗಿ, ಬಂದದ್ದನ್ನು ಹೇಳಿದೆ. "ನಿಮಗೆ ಮೋಸ ಮಾಡಿ ಉಣ್ಣಿಸಿದ್ರೆ ಯೇಸುಸ್ವಾಮಿಗೆ ಬೇಜಾರಾಗ್ತಿತ್ತು!"

"ಜೋರಾಗಿ ಹೇಳು!"

ಜೋರಾಗಿ ಹೇಳಿದೆ. ಕನ್ನಡಕದವರು, ಅವರ ಹೆಂಡತಿ, ಕಂಡಕ್ಟರ್, ಬೆಲ್ಲದ ಕಾಗದ ಹಿಡಿದು ನಿಂತಿದ್ದ ಆ ಹೆಂಗಸು, ಎಲ್ಲರೂ ಕೇಳಿಸಿಕೊಂಡರು.

ಅಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ಕಿಟಕಿಯ ಹೊರಗೆ ಹಾಕಿದರು. "ನಿನ್ನ ಸ್ವಾಮಿ ಒಳ್ಳೆಯವನೇ ಇದ್ದಾನೆ. ಆದ್ರೆ ಈ ಬಿಸಿಲಲ್ಲಿ ನಿನ್ನ ಓಡಿಸ್ಬಾರದಿತ್ತು" ಎಂದರು. ಆಮೇಲೆ ಒಂದು ಹಣ್ಣು ಸುಲಿದು ನನಗೆ ಕೊಟ್ಟರು. ಓಡಿ ಬಾಯಿ ಒಣಗಿತ್ತು, ತಿಂದೆ. ಅಮ್ಮ ಹಿಂದೆ ಕೊಟ್ಟ ಕಡುಬನ್ನೂ, ಚೀಲದಲ್ಲಿ ಉಳಿದಿದ್ದ ಇನ್ನೊಂದನ್ನೂ ಹಣ್ಣು ತಂದ ಹೆಂಗಸಿಗೆ ಕೊಟ್ಟೆ. ಕೊ‌ಡುವ ಮೊದಲು, ಕೇಳದಿದ್ದರೂ, ಯಾರು ಮಾಡಿದ್ದು ಎಂದು ಹೇಳಿದೆ. "ಯಾರು ಮಾಡಿದ್ರೆ ಎಂತ, ಸಿಹಿ ಅಲ್ವಾ?" ಎಂದು ಅವಳು ಅಲ್ಲೇ ನಿಂತು ಒಂದನ್ನು ತಿಂದಳು.

ಬೇರೆ ಬಸ್ಸು ಬಂತು. ಕೊಪ್ಪದಲ್ಲಿ ಇಳಿಯುವಾಗ ಮೆಟ್ಟಿಲು ಎತ್ತರ. ಅಮ್ಮ ಸುತ್ತ ನೋಡಿದರು, ತಮ್ಮನ ಮಗ ಇನ್ನೂ ದೂರದಲ್ಲಿದ್ದ. ನನ್ನ ಕೈ ಹಿಡಿದುಕೊಂಡು ಇಳಿದರು. ಇಳಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಸ್ಕೂಟರ್ ಬಂದಾಗ ಹುಡುಕುವವರಂತೆ ನನ್ನ ಮುಖ ನೋಡಿ, "ನಿನ್ನ ಹೆಸರೇ ಕೇಳ್ಲಿಲ್ಲ ನೋಡು" ಎಂದರು. ನಾನು ಹೇಳಿದೆ. ಅವರಿಗೆ ಏನು ಕೇಳಿಸಿತೋ, "ಹ್ಞಾ, ಒಳ್ಳೆ ಹೆಸರು" ಎಂದು ಹೊರಟರು.

ಭಾನುವಾರ ಗರಿ ಹಿಡಿದು ಚರ್ಚಿಗೆ ಹೋದಾಗ ಫಾದರ್ ಬಾಗಿಲಲ್ಲಿ ಸಿಕ್ಕರು.

"ಎಂತಾಯ್ತು ಅಮ್ಮಾ, ಒಬ್ಬರಿಗೆ ಹೇಳಿದ್ರಾ?"

"ಒಂದು ಬಸ್ಸಿಗೆ ಹೇಳಿದೆ ಫಾದರ್" ಎಂದೆ.

ಅವರು ಪೂರ್ತಿ ಕಥೆ ಕೇಳಿದರು. ನನ್ನ ಹಿಂದೆ ಗರಿ ಹಿಡಿದವರ ಸಾಲು ಬೆಳೆಯುತ್ತ ಹೋಯಿತು. ಕಡುಬನ್ನು ಅಮ್ಮ ಹಿಂದೆ ಕೊಟ್ಟದ್ದಕ್ಕೆ ನಾನು ಸೋತೆ ಎಂದುಕೊಂಡಿದ್ದೆ, ಅದನ್ನೂ ಹೇಳಿದೆ.

"ಅವರು ಆಮೇಲೆ ಎಂತ ಮಾಡಿದ್ರು?"

"ಕೊಪ್ಪದಲ್ಲಿ ನನ್ನ ಕೈ ಹಿಡ್ಕೊಂಡು ಇಳಿದ್ರು."

"ಮತ್ತೆಂತ ಬೇಕಮ್ಮಾ?" ಎಂದರು ಫಾದರ್. ಇದನ್ನು ಪೂಜೆಯಲ್ಲಿ ಪ್ರಸಂಗ ಮಾಡುವಾಗ ಹೇಳಲಾ ಎಂದು ಕೇಳಿದರು. ಈ ಸಲ ನಾನು ತಲೆ ಆಡಿಸಲಿಲ್ಲ. "ಬೇಡ" ಎಂದು ಬಾಯಿಬಿಟ್ಟು ಹೇಳಿದೆ.

ಇಷ್ಟೇ ನಡೆದದ್ದು. ಬರೆಯಲು ಹನ್ನೊಂದು ದಿನ ಹಿಡಿಯಿತು, ಬೆರಳು ನೋಯುತ್ತಿದೆ. ಇನ್ನೊಂದು ಸಲ ಬರೆಯುವ ಶಕ್ತಿ ನನಗಿಲ್ಲ, ಜೆರಾಕ್ಸ್ ಮಾಡಿಸುವ ಧೈರ್ಯವಂತೂ ಇಲ್ಲ. ಅಂಗಡಿಯವರು ನಿಂತುಕೊಂಡು ಓದಿಬಿಡುತ್ತಾರೆ. ಆದ್ದರಿಂದ ಈ ಹಾಳೆಗಳನ್ನು ಮಡಚದೆ, ನೀರು ತಾಗದ ಕಡೆ, ನಿಮ್ಮ ಅಂಕಪಟ್ಟಿಗಳನ್ನು ಇಡುವ ಫೈಲಿನಲ್ಲಿ ಇಟ್ಟುಕೊಳ್ಳಿ. ಗುಂಡನ ಕೈಗೆ ಸದ್ಯಕ್ಕೆ ಕೊಡಬೇಡಿ, ಅವನು ದೋಣಿ ಮಾಡುತ್ತಾನೆ. ಅವನಿಗೆ ಓದಲು ಬಂದ ಮೇಲೆ ಪುಟ್ಟಿ ಓದಿಸಲಿ. ಜೋರಾಗಿ ಓದಿಸಿ.

ನಿಮ್ಮ ಅಜ್ಜಿ